ಓಡುವ ಕಂಪ್ಯೂಟರ್ ಗುಜರಿಗೇಕೆ?



2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಬಹುತೇಕ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಬೀದರ್, ಭಾಲ್ಕಿ, ಔರಾದ್‌ನ ಝೆರಾಕ್ಸ್ ಅಂಗಡಿಗಳಲ್ಲಿ ಪಹಣಿ ತೆಗೆದುಕೊಡುವ ಹಳೆಯ ಯಂತ್ರಗಳಲ್ಲಿ ಅದೆಲ್ಲಿಂದ ಬರಬೇಕು? ಈ ಅರ್ಹತೆಗಳ ತಪಾಸಣೆ ತಪ್ಪಿಸಿ ವಿಂಡೋಸ್ 11 ತುರುಕಿಕೊಡುವವರಿದ್ದಾರೆ. ಮುಂದಿನ ಅಪ್‌ಡೇಟ್‌ಗೆ ಖಾತರಿ ಮಾತ್ರ ಇಲ್ಲ.

ಇಂಥ ಯಂತ್ರಗಳಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಬಹುದು, ಅದು ಪುಕ್ಕಟೆ. 4 ಜಿಬಿ ರ್‍ಯಾಮ್ ಸಾಕು. ಕೀಲಿಮಣೆಯಲ್ಲಿ ಕಗಪ ವಿನ್ಯಾಸ ಆರಿಸಿದರೆ ಎಫ್ ಒತ್ತಿ ಒತ್ತಕ್ಷರ ಮೂಡಿಸಬಹುದು, ನುಡಿ ತಂತ್ರಾಂಶಕ್ಕೆ ಪಳಗಿದ ಕೈ ತಡವರಿಸುವುದಿಲ್ಲ. ಆದರೆ ಹಳೆಯ ನುಡಿ ಫಾಂಟ್‌ನ ಕಡತಗಳನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಸುತ್ತಿವೆ. ನಮ್ಮ ಜಿಲ್ಲಾಡಳಿತ ತಾಲ್ಲೂಕಿಗೊಂದು ದಿನದ ತರಬೇತಿಯನ್ನಾದರೂ ಇಡಲಿ. ಪ್ರಿಂಟರ್, ಬೆರಳಚ್ಚು ಯಂತ್ರ ಲಿನಕ್ಸ್ ಜೊತೆ ನಡೆಯುತ್ತವೆಯೇ ಎಂಬುದನ್ನೂ ಅಲ್ಲೇ ಪರೀಕ್ಷಿಸಿ ತೋರಿಸಲಿ.

– ಓದುಗ, ಭಾಲ್ಕಿ