ಹಾರಿದವರಿಗೆ ತಡವಾಗಿ ಸಂದ ಮನ್ನಣೆ

ಎರಡನೆಯ ಮಹಾಯುದ್ಧದಲ್ಲಿ ಸೇನಾ ವಿಮಾನ ನಡೆಸಿದ ಸ್ತ್ರೀಯರೆಂದೊಡನೆ ಬಹುಮಂದಿಗೆ ನೆನಪಾಗುವುದು ಸೋವಿಯತ್ ರಷ್ಯದ ರಾತ್ರಿ ಬಾಂಬರ್ ದಳ. ಅವರ ಸಾಹಸವನ್ನು ಅವರ ದೇಶ ಗುರುತಿಸಿತು. ಆ ಒಂದೇ ದಳದ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ‘ಸೋವಿಯತ್ ಒಕ್ಕೂಟದ ವೀರ’ ಎಂಬ ಪರಮೋಚ್ಚ ಬಿರುದು ದೊರೆಯಿತು. ಅದೇ ಯುದ್ಧದಲ್ಲಿ ಅಮೆರಿಕದ ಸೇನಾ ವಿಮಾನಗಳನ್ನು ನಡೆಸಿದ ಸ್ತ್ರೀಯರ ಪಾಲಿಗೆ ಬಂದುದು ಬೇರೆಯೇ ನ್ಯಾಯ.

1942ರಲ್ಲಿ ಚಾಲಕರ ಕೊರತೆ ತಲೆದೋರಿದಾಗ ಜಾಕ್ವೆಲಿನ್ ಕಾಕ್ರನ್ ಮತ್ತು ನ್ಯಾನ್ಸಿ ಲವ್ ಎಂಬ ಅನುಭವಿ ವಿಮಾನಚಾಲಕಿಯರ ನೇತೃತ್ವದಲ್ಲಿ ಎರಡು ತಂಡಗಳು ಹುಟ್ಟಿ, 1943ರ ಆಗಸ್ಟ್‌ನಲ್ಲಿ ‘ವಾಸ್ಪ್’ ಎಂಬ ಸಂಕ್ಷಿಪ್ತ ನಾಮದಡಿ ಒಂದಾದವು. ಅರ್ಜಿ ಸಲ್ಲಿಸಿದವರು 25,000ಕ್ಕೂ ಹೆಚ್ಚು. ಟೆಕ್ಸಸ್ ರಾಜ್ಯದಲ್ಲಿ ತರಬೇತಿ ಪೂರೈಸಿದವರು 1,074. ಕಾರ್ಖಾನೆಯಿಂದ ಹೊರಬಂದ ವಿಮಾನಗಳನ್ನು ಸೇನಾನೆಲೆಗಳಿಗೆ ಮುಟ್ಟಿಸುವುದು, ದುರಸ್ತಿಯಾದುವನ್ನು ಹಾರಿಸಿ ಪರೀಕ್ಷಿಸುವುದು ಅವರ ಕರ್ತವ್ಯ. ಇವಕ್ಕಿಂತ ಕಠಿನವಾದುದು ಇನ್ನೊಂದಿತ್ತು. ಬಟ್ಟೆಯ ಗುರಿಯೊಂದನ್ನು ವಿಮಾನದ ಹಿಂದೆ ಕಟ್ಟಿ ಎಳೆದೊಯ್ಯುತ್ತಿರಲು, ನೆಲದಲ್ಲಿ ನಿಂತ ಹೊಸ ಸಿಪಾಯಿಗಳು ಅದರತ್ತ ನಿಜವಾದ ಗುಂಡುಗಳನ್ನೇ ಹಾರಿಸಿ ಅಭ್ಯಾಸ ಮಾಡುತ್ತಿದ್ದರು. ಹೊಸಬರ ಗುರಿ ಎಷ್ಟು ನಂಬಲರ್ಹವೆಂಬುದನ್ನು ವಿವರಿಸಬೇಕಾಗಿಲ್ಲ.

ಸೇವೆಯಲ್ಲಿ 38 ಮಂದಿ ಮಡಿದರು. ಆದರೆ ಕಾನೂನಿನ ದೃಷ್ಟಿಯಲ್ಲಿ ಅವರು ಸೈನಿಕರಲ್ಲ, ನಾಗರಿಕ ನೌಕರರು. ಸೈನಿಕ ವಿಮೆಯಿಲ್ಲ, ಸೈನಿಕ ಮರ್ಯಾದೆಯ ಅಂತ್ಯಕ್ರಿಯೆಗೆ ಹಕ್ಕಿಲ್ಲ. ಮೃತದೇಹವನ್ನು ಊರಿಗೆ ಕಳುಹಿಸಲು ಸಂಗಾತಿಗಳೇ ಚಂದಾ ಎತ್ತಿದ ಪ್ರಸಂಗಗಳುಂಟು. ಅವರು ರಣರಂಗಕ್ಕೆ ಹೋಗಲಿಲ್ಲವಲ್ಲ ಎಂದು ಕೆಲವರು ವಾದಿಸಬಹುದು. ಸ್ವದೇಶದಲ್ಲಿಯೇ ಉಳಿದು ಅದೇ ಕೆಲಸ ಮಾಡಿದ ಸೇನೆಯ ಪುರುಷ ಚಾಲಕನನ್ನು ಈ ಪ್ರಶ್ನೆ ಕೇಳಿದವರಿಲ್ಲ.

ಅವರನ್ನು ಸೇನೆಗೆ ಸೇರಿಸಿಕೊಳ್ಳುವ ಮಸೂದೆ 1944ರ ಜೂನ್‌ನಲ್ಲಿ ಕೆಳಮನೆಯಲ್ಲಿ ಬಿದ್ದುಹೋಯಿತು. ತರಬೇತಿ ಶಾಲೆಗಳು ಮುಚ್ಚಿ ಕೆಲಸ ಕಳೆದುಕೊಳ್ಳುತ್ತಿದ್ದ ಪುರುಷ ಶಿಕ್ಷಕರ ವಿರೋಧವೂ ಅದಕ್ಕೆ ಕಾರಣವಾಗಿತ್ತು. ಆ ಡಿಸೆಂಬರ್‌ನಲ್ಲಿ, ಕೊನೆಯ ತಂಡದ ಪದವಿ ಸಮಾರಂಭಕ್ಕೆ ಬಂದ ಜನರಲ್ ಆರ್ನಲ್ಡ್ ಅವರು ಚಾಲಕಿಯರನ್ನು ಮನಸಾರೆ ಕೊಂಡಾಡಿದರು. 20ರಂದು ದಳವೇ ವಿಸರ್ಜಿತವಾಯಿತು. ಹೊಗಳುವುದಕ್ಕೆ ಬೊಕ್ಕಸದಿಂದ ಏನನ್ನೂ ತೆರಬೇಕಾಗಿಲ್ಲ.

1976ರಲ್ಲಿ ವಾಯುಪಡೆಯು ಸ್ತ್ರೀಯರಿಗೆ ತರಬೇತಿ ಆರಂಭಿಸುತ್ತಾ ಇದೇ ಮೊದಲೆಂಬಂತೆ ಸಾರಿದಾಗ, ವಯಸ್ಸಾಗಿದ್ದ ಈ ಚಾಲಕಿಯರು ಎದ್ದುನಿಂತರು. ಅವರಿಗೆ ಮಾಜಿ ಸೈನಿಕರ ಸ್ಥಾನ ನೀಡುವ ಕಾನೂನು 1977ರ ನವೆಂಬರ್‌ನಲ್ಲಿ ಬಂತು. ಕಾಂಗ್ರೆಸ್ಸಿನ ಸ್ವರ್ಣಪದಕ 2010ರಲ್ಲಿ. ಅಷ್ಟಾಗಿಯೂ, 2015ರಲ್ಲಿ ತೀರಿಕೊಂಡ ಎಲೇನ್ ಹಾರ್ಮನ್ ಅವರ ಚಿತಾಭಸ್ಮಕ್ಕೆ ಆರ್ಲಿಂಗ್ಟನ್‌ನ ಸೈನಿಕ ಸ್ಮಶಾನದಲ್ಲಿ ಸ್ಥಳ ನಿರಾಕರಿಸಲಾಯಿತು. ಮೊಮ್ಮಕ್ಕಳು ಹೋರಾಟಕ್ಕಿಳಿದರು. ಕೊನೆಗೆ 2016ರಲ್ಲಿ ಮತ್ತೊಂದು ಕಾನೂನು ಜಾರಿಗೆ ಬಂದ ಮೇಲೆಯೇ ಆ ಭಸ್ಮ ಅಲ್ಲಿ ನೆಲೆ ಕಂಡಿತು.