ಎಲ್ಲೆಕಲ್ಲು ಊರಿಗೆ ಕಾಣಬೇಕು

ಹಳೇಬೀಡು, ಬೇಲೂರು, ಅರಸೀಕೆರೆ ಸೀಮೆಯ ಹೊಯ್ಸಳ ದಾನಶಾಸನಗಳಲ್ಲಿ ಕೊಟ್ಟ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆಯನ್ನೂ ಹೇಳುವ ವಾಡಿಕೆಯಿತ್ತು. ಶೈವ ದತ್ತಿಗೆ ಲಿಂಗಮುದ್ರೆಯ ಕಲ್ಲು, ವೈಷ್ಣವ ದತ್ತಿಗೆ ವಾಮನಮುದ್ರೆಯ ಕಲ್ಲು. ಅಕ್ಷರ ಬಾರದ ದನಗಾಹಿಗೂ ಎಲ್ಲೆ ಕಾಣುತ್ತಿತ್ತು. ಇಂದು ಊರ ಗೋಮಾಳದ ಗುಡ್ಡ ಕಲ್ಲುಗಣಿಗೆ ಗುತ್ತಿಗೆ ಹೋದರೆ ನಕ್ಷೆ ಗಣಿ ಇಲಾಖೆಯ ಕಡತದಲ್ಲಿ ಉಳಿಯುತ್ತದೆ. ಊರಿಗೆ ಬರುವುದು ಸಿಡಿಮದ್ದಿನ ಸದ್ದು ಮತ್ತು ದೂಳು.

ಕಲ್ಲು ತೆಗೆಯಲೇಬಾರದು ಎಂದು ನಾನು ಹೇಳುತ್ತಿಲ್ಲ. ಹಳೇಬೀಡಿನ ಗುಡಿಯೂ ನೆಲದಿಂದ ಎತ್ತಿದ ಬಳಪದ ಕಲ್ಲಿನದೇ. ನನ್ನ ಪ್ರಶ್ನೆ ಬೇರೆ: ಸರ್ಕಾರಿ ಜಮೀನನ್ನು ಗುತ್ತಿಗೆ ಕೊಡುವವರೇ ರಾಜಧನ ಎಣಿಸಿಕೊಂಡು, ಕಾವಲಿಗೂ ತಾವೇ ನಿಂತರೆ ಆ ಕಾವಲನ್ನು ನಂಬುವುದು ಹೇಗೆ?

ಬಳ್ಳಾರಿಯಲ್ಲಿ ಇದಕ್ಕೆ ಉತ್ತರ ಸಿಕ್ಕಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಸಲ್ಲಿಸಿದ ವರದಿ, ಅಕ್ರಮ ಅದಿರು ಗಣಿಗಾರಿಕೆಯಿಂದ 2006ರಿಂದ 2010ರ ನಡುವೆ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದಿತು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಅಲ್ಲಿನ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ತಡೆ ತುಮಕೂರು, ಚಿತ್ರದುರ್ಗಕ್ಕೂ ಬಂತು. ಆಮೇಲೆ ನಡೆದದ್ದು ಬಹಳ ಸರಳ ಕೆಲಸ: ಗುತ್ತಿಗೆಯ ಗಡಿ ಅಳೆದರು. ಎಲ್ಲೆ ದಾಟಿ ತೋಡಿದ ಗುಂಡಿ ಮಂಜೂರಾದ ವಿಸ್ತೀರ್ಣದ ಶೇ 10ನ್ನು, ಇಲ್ಲವೇ ಮಣ್ಣು ಸುರಿದ ಜಾಗ ಶೇ 15ನ್ನು ಮೀರಿದ್ದರೆ ಅದು 'ಸಿ' ವರ್ಗ. ಅರಣ್ಯ ಕಾನೂನನ್ನು ಧಿಕ್ಕರಿಸಿದವೂ ಅದೇ ಸಾಲಿಗೆ. 2013ರ ಏಪ್ರಿಲ್ 18ರಂದು ಆ ವರ್ಗದ 49 ಗುತ್ತಿಗೆಗಳು ರದ್ದಾದವು. ಅಳೆಯುವ ಅಧಿಕಾರ ಇಲಾಖೆಗೆ ಮೊದಲಿನಿಂದಲೂ ಇತ್ತು. ಅಳೆಯಲು ಕೋರ್ಟೇ ಹೇಳಬೇಕಾಯಿತು!

ಕಾನೂನಿಗೆ ಬರವಿಲ್ಲ. ಕಲ್ಲು, ಮರಳಿಗೆ 1994ರ ಉಪಖನಿಜ ನಿಯಮಗಳಿವೆ. ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. ಆದರೆ ಸ್ಫೋಟದ ಕಂಪನ ಮುನ್ನೂರು ಮೀಟರಿಗೆ ಬಂದು ನಿಲ್ಲುವುದಿಲ್ಲ. ಕೆಆರ್‌ಎಸ್ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಗಣಿಗಾರಿಕೆಯನ್ನು ಹೈಕೋರ್ಟ್ 2024ರಲ್ಲಿ ತಡೆಯಿತು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡಿನ ಗುಡಿಗಳ ವಿಷಯದಲ್ಲೂ ಅಂತರವನ್ನು ಅಳತೆಪಟ್ಟಿಯಿಂದಲ್ಲ, ಕಂಪನ ಪರೀಕ್ಷೆಯಿಂದ ನಿರ್ಧರಿಸಬೇಕು.

ಗುತ್ತಿಗೆಯ ಎಲ್ಲೆ, ಅವಧಿ, ತೆಗೆಯಬಹುದಾದ ಕಲ್ಲಿನ ಪ್ರಮಾಣ, ಈ ಮೂರನ್ನೂ ಗಣಿಯ ಬಾಯಲ್ಲೇ ಕನ್ನಡದಲ್ಲಿ ಬರೆದು ನಿಲ್ಲಿಸಬೇಕು. ವರ್ಷಕ್ಕೊಮ್ಮೆ ಊರವರ ಎದುರೇ ಅಳತೆ ನಡೆಯಬೇಕು, ಅದೂ ಗುತ್ತಿಗೆ ಕೊಟ್ಟ ಇಲಾಖೆಯಿಂದಲ್ಲ. ನಿಮ್ಮೂರ ಗುಡ್ಡ ಗುತ್ತಿಗೆಯಲ್ಲಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಅದರ ನಕ್ಷೆ ಕೇಳಿ.