ಹೌದು, ಏಳು ದಿನ ಹೋಟೆಲಿನಾಗ ಉಂಡೆ

ಕಳೆದ ವಾರ ಬೆಂಗಳೂರಿನಲ್ಲಿದ್ದೆ. ಅಕ್ಕನ ಮಗಳಿಗೆ ಕೆಲಸ ಸಿಕ್ಕು ಮೊದಲ ಪಗಾರ ಬಂದಿತ್ತು. "ಮಾಮಾ, ಒಂದು ವಾರ ಇರು, ದಿನಾ ಹೊರಗ ಉಣ್ಣೂಣು" ಅಂದಳು. ಉಂಡೆವು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆ, ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನಲ್ಲಿ ದೊನ್ನೆ ಬಿರಿಯಾನಿ, ಫ್ರೇಜರ್ ಟೌನಿನಲ್ಲಿ ಕಬಾಬು, ನಾಗಾ ಹುಡುಗರು ನಡೆಸುವ ಸಣ್ಣ ಹೋಟೆಲಿನಲ್ಲಿ ಹೊಗೆ ಹಾಕಿ ಒಣಗಿಸಿದ ಹಂದಿ ಮಾಂಸ. ಕೊನೆಯ ದಿನ ಬಟ್ಟೆಯ ನ್ಯಾಪ್ಕಿನ್ ಇಡೋ ದೊಡ್ಡ ರೆಸ್ಟೋರೆಂಟು. ಇಬ್ಬರ ಬಿಲ್ಲು ಐದು ಸಾವಿರ ದಾಟಿತು. ಎಲ್ಲದರ ಫೋಟೋ ಇಲ್ಲೇ ಹಾಕಿದ್ದೆ.

ಕಾಮೆಂಟು ನೋಡಿದೆ. "ಚಳವಳಿಗಾರರಿಗೆ ಇದೇನು ಶೋಕಿ?" "ಕೇರಿ ಮಂದಿ ಅರೆಹೊಟ್ಟೆಯಲ್ಲಿರುವಾಗ ಇದು ಬೇಕಿತ್ತಾ?" ಒಬ್ಬ ಹಿರಿಯ ಸಂಗಾತಿಯಂತೂ ಫೋನ್ ಮಾಡಿಯೇ ಬುದ್ಧಿ ಹೇಳಿದರು. ಅವರ ಮೇಲೆ ನನಗೆ ಗೌರವ ಐತಿ. ಆದರೂ ಉತ್ತರ ಕೊಡಲೇಬೇಕು.

ನಮ್ಮೂರು ಧಾರವಾಡ ಜಿಲ್ಲೆಯದೇ, ಹೆಸರು ಬ್ಯಾಡ. ಅಲ್ಲಿಯ ಹೋಟೆಲಿನೊಳಗ ನಮ್ಮಪ್ಪ ಒಂದು ದಿನವೂ ಕುಂತು ಚಹಾ ಕುಡಿದವನಲ್ಲ. ಹೊರಗಿನ ಗ್ವಾಡಿ ಸಂದಿಯೊಳಗ ನಮ್ಮ ಕೇರಿಯವರ ಕಪ್ಪು ಬೇರೆ ಇರ್ತಿದ್ದವು. ಅದನ್ನ ತಾನೇ ತೊಳ್ಕೊಂಡು ಹಿಡೀಬೇಕು, ಮ್ಯಾಲಿಂದ ಸುರೀತಿದ್ದರು. ರೊಕ್ಕ ಕಟ್ಟಿ ಮ್ಯಾಲ ಇಡಬೇಕು. ರೊಕ್ಕಕ್ಕ ಮಾತ್ರ ಮೈಲಿಗಿ ಇರಲಿಲ್ಲ ನೋಡ್ರಿ, ಅದನ್ನ ಕೈಯಿಂದಲೇ ಎತ್ಕೋತಿದ್ದರು.

ನಮ್ಮವ್ವ ಊರೊಳಗಿನ ಲಗ್ನಕ್ಕ ಬುಟ್ಟಿ ಹಿಡ್ಕೊಂಡು ಹೋಗಿ, ಹೊರಗ ಕುಂತು, ಎಲ್ಲಾರೂ ಉಂಡಮ್ಯಾಲೆ ಉಳಿದದ್ದು ತರ್ತಿದ್ದಳು. ಅನ್ನ, ಸಾರು, ಬದನೀಕಾಯಿ ಪಲ್ಯ, ಗೋದಿ ಹುಗ್ಗಿ, ಎಲ್ಲಾ ಒಂದರಾಗೊಂದು ಕಲಸಿ ಹೋಗಿರ್ತಿತ್ತು. ಹುಗ್ಗಿಗೆ ಅದರದೇ ಒಂದು ರುಚಿ ಇರ್ತದ ಅಂತ ನನಗೆ ಗೊತ್ತಾಗಿದ್ದು ಹಾಸ್ಟೆಲ್ ಸೇರಿದ ಮೇಲೆ.

ಹಿಂಗಾಗಿ ಸಂಗಾತಿಗಳೇ, ಒಂದು ತಿನಿಸು ಒಂದು ತಾಟಿನಾಗ, ಬಿಸಿ ಇದ್ದಾಗಲೇ, ನಾನು ಕೇಳಿದ ಮೇಲೆ, ನನ್ನ ಮುಂದ ಬಂದು ಕೂಡೋದನ್ನ ನೀವು ಶೋಕಿ ಅಂದರ ನನಗೆ ಸಿಟ್ಟು ಬರ್ತದ. ಸರಳ ಬದುಕಿನ ಪಾಠ ಹೇಳೋರು ಮೂರು ತಲೆಮಾರು ತುಪ್ಪ ಉಂಡು ಈಗ ಗಂಜಿ ಆರಿಸಿಕೊಂಡವರು. ಅದು ಅವರ ಆಯ್ಕೆ. ನಮ್ಮ ಕೇರಿಯಾಗ ಗಂಜಿಯನ್ನ ಯಾರೂ ಆರಿಸಿಕೊಂಡಿರಲಿಲ್ಲ.

ಸಂವಿಧಾನದ ವಿಧಿ 15 ತೆಗೆದು ನೋಡ್ರಿ. ಎರಡನೇ ಖಂಡದೊಳಗ ಅಂಗಡಿ, ರೆಸ್ಟೋರೆಂಟು, ಹೋಟೆಲು ಅಂತ ಹೆಸರು ಹೇಳಿ ಬರೆದೈತಿ. ಅದರ ಕೆಳಗ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ದೇಶದ ಮೂಲ ಕಾನೂನಿನಾಗ ಚಹಾದಂಗಡಿಯ ಮಾತು ಯಾಕ ಬಂತು? 1901ರಲ್ಲಿ ಹುಡುಗ ಭೀಮ ಅಣ್ಣನ ಜೋಡಿ ಅಪ್ಪನ್ನ ನೋಡಾಕ ಹೊಂಟಾಗ ಗಂಟಿನಾಗ ಊಟ ಇತ್ತು, ಕುಡಿಯಾಕ ನೀರು ಕೊಡೋರು ದಾರಿಯೊಳಗ ಒಬ್ಬರೂ ಇರಲಿಲ್ಲ. ಹಸಿದೇ ಮಲಗಿದರು. ಅಂಥವರು ಕುಂತು ಬರೆದ ಸಂವಿಧಾನದಾಗ ಹೋಟೆಲಿನ ಬಾಗಿಲು ಸಣ್ಣ ಮಾತಾಗೋದಿಲ್ಲ.

ಇದೆಲ್ಲಾ ಹಳೇ ಕತಿ ಅನ್ನೋರು ಮರಕುಂಬಿ ನೆನಪು ಮಾಡ್ಕೋರಿ. ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕು, ಇಲ್ಲಿಂದ ದೂರ ಏನಿಲ್ಲ. ಹೋಟೆಲಿಗೆ, ಕ್ಷೌರದಂಗಡಿಗೆ ನಮ್ಮನ್ನ ಯಾಕ ಬಿಡೋದಿಲ್ಲ ಅಂತ ಅಲ್ಲಿಯ ದಲಿತರು ಕೇಳಿದ್ದರು. 2014ರ ಆಗಸ್ಟಿನಲ್ಲಿ ಕೇರಿಗೆ ನುಗ್ಗಿ ಹೊಡೆದರು, ಗುಡಿಸಲಿಗೆ ಬೆಂಕಿ ಇಟ್ಟರು. ಹತ್ತು ವರ್ಷ ಕೇಸು ನಡೀತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮರುತಿಂಗಳೇ ನಮ್ಮ ಧಾರವಾಡದ ಹೈಕೋರ್ಟ್ ಪೀಠದಿಂದ ಬಹುತೇಕರಿಗೆ ಜಾಮೀನೂ ಸಿಕ್ಕಿತು. ಹೋಟೆಲಿನಾಗ ಕುಂತು ಉಣ್ಣೋದಕ್ಕ ಆ ಊರಿನ ಮಂದಿ ಕೊಟ್ಟ ಬೆಲೆ ಅದು.

ಹಂಗಂತ ದೊಡ್ಡ ಶಹರದ ಹೋಟೆಲಿನೊಳಗ ಜಾತಿ ಇಲ್ಲ ಅಂತ ನಾನು ಹೇಳಾಕತ್ತಿಲ್ಲ. ಬಾಗಿಲಿನಾಗ ಯಾರೂ ಕೇಳಲಿಲ್ಲ, ಖರೆ. ಮೆನು ಕಾರ್ಡಿನೊಳಗ ಕುಂತಿರ್ತದ. ನಾಗಾ ಹೋಟೆಲಿನಾಗ ಆ ಒಣ ಮಾಂಸದ ವಾಸನಿ ಮೂಗಿಗೆ ಬಡಿದಾಗ ನಮ್ಮವ್ವ ನೆನಪಾದಳು. ಅಕಿ ಖಂಡ ಕೊಯ್ದು ಹಗ್ಗಕ್ಕ ಹಾಕಿ ಒಣಗಿಸ್ತಿದ್ದಳು, ನೆಂಟರು ಬಂದರ ಮ್ಯಾಲ ಹಳೇ ಸೀರಿ ಹೊಚ್ಚತಿದ್ದಳು. ಬಾಜೂ ಟೇಬಲ್ಲಿನ ಹುಡುಗರು ಅಂಥದೇ ಒಣ ಮಾಂಸದ ಫೋಟೋ ಹೊಡ್ಕೊಂಡು ಖುಷಿಪಡ್ತಿದ್ದರು. 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಬಂದಮ್ಯಾಲೆ 13 ವರ್ಷ ದಾಟಿದ ಎಮ್ಮಿ-ಕೋಣ ಬಿಟ್ಟರ ಬಾಕಿ ಎಲ್ಲಾ ಅಪರಾಧ. ಅವ್ವನ ಹಗ್ಗ ಈಗ ಖಾಲಿ.

ನಮ್ಮ ಹುಬ್ಬಳ್ಳಿನೇ ನೋಡ್ರಿ. ಲಿಂಗಾಯತ ಖಾನಾವಳಿ ಅಂತ ಬೋರ್ಡು ಐತಿ, ಸಾವಜಿ ಐತಿ. ನಾನೂ ಅಲ್ಲೆಲ್ಲಾ ಉಂಡೀನಿ, ರೊಟ್ಟಿ-ಎಣ್ಣಿಗಾಯಿಯ ರುಚಿಗೆ ನನ್ನ ತಕರಾರಿಲ್ಲ. ಕೊಪ್ಪಿಕರ ರಸ್ತೆಯೊಳಗ "ಮಾದಿಗರ ಖಾನಾವಳಿ" ಅಂತ ದೊಡ್ಡ ಅಕ್ಷರದಾಗ ಬೋರ್ಡು ಹಾಕಿ ನೋಡೂಣು. ಎಷ್ಟು ಜನ ಒಳಗ ಬರ್ತೀರಿ? ಜಾತಿ ಇಲ್ಲ ಅನ್ನೋ ಪ್ರಗತಿಪರರು ಮೊದಲನೇ ಪಂಕ್ತಿಗೆ ಬರಬೇಕು ಮತ್ತ.

ಕೊನೆಯ ದಿನ ಆ ದೊಡ್ಡ ರೆಸ್ಟೋರೆಂಟಿನಾಗ ತಾಟು ಎತ್ತೋ ಹುಡುಗ ನಮ್ಮ ಮಾತು ಕೇಳಿ "ಯಾವೂರ್ರಿ ಅಣ್ಣಾ?" ಅಂದ. ಅವನದು ರಾಯಚೂರು ಕಡೆ. ಟೇಬಲ್ ಮೇಲಿದ್ದ ನನ್ನ ಫೋನಿನಾಗ ಬಾಬಾಸಾಹೇಬರ ಫೋಟೋ ನೋಡಿ ಸಣ್ಣ ದನಿಯಾಗ "ಜೈ ಭೀಮ್" ಅಂದ. ಊಟ ಆತೇನಪಾ ಅಂತ ಕೇಳಿದೆ. ಮಧ್ಯಾಹ್ನದ ಗಿರಾಕಿ ಹೋದಮ್ಯಾಲೆ, ನಾಲ್ಕಕ್ಕ, ಅನ್ನ ಸಾಂಬಾರು ಅಂದ. ಅಲ್ಲಿಯ ಮೆನುವಿನಾಗ ಇದ್ದದ್ದು ಏನೂ ಅವನು ತಿಂದು ನೋಡಿಲ್ಲ.

ನನ್ನ ತಾಟು ಎಣಿಸೋ ಸಂಗಾತಿಗಳು ಈ ಹುಡುಗನ ತಾಟಿನ ಬಗ್ಗೆ, ಪಗಾರದ ಬಗ್ಗೆ, ದಿನಕ್ಕ ಎಷ್ಟು ತಾಸು ನಿಂತಿರ್ತಾನ ಅನ್ನೋದರ ಬಗ್ಗೆ ಜಗಳಕ್ಕ ಬರ್ರಿ, ನಾನೂ ಬರ್ತೀನಿ. ನಾನು ಉಪವಾಸ ಕೂತರ ಅವನ ಹೊಟ್ಟಿ ತುಂಬೋದಿಲ್ಲ.

ದೀಪಾವಳಿಗೆ ಅಕ್ಕನ ಮಗಳು ಹುಬ್ಬಳ್ಳಿಗೆ ಬರ್ತಾಳ. ಅವ್ವನನ್ನೂ ಕರ್ಕೊಂಡು ದುರ್ಗದಬೈಲಿಗೆ ಹೊಂಟೀವಿ. ಗಿರಮಿಟ್ಟು, ಮಿರ್ಚಿ, ಆಮ್ಯಾಲೆ ಅವ್ವ ಏನ್ ಕೇಳ್ತಾಳೋ ಅದು. ಫೋಟೋ ಇಲ್ಲೇ ಹಾಕ್ತೀನಿ.

ಜೈ ಭೀಮ್.